ಕಿವಿಯೊಳಗಿನ ಕಾರ್ನೆಟ್

ಮೇಡಂ ನಮ್ಮ ಕ್ಲಿನಿಕ್ಕಿಗೆ ಬಂದ ಮೊದಲ ದಿನವೇ ಜಗಳ ತೆಗೆದರು. ಸರದಿ ಬಂದಾಗ ಒಳಗೆ ಬಂದವರು ಕೂರಲೂ ಇಲ್ಲ, ಕೈಚೀಲವನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಮೊದಲು ಹೊರಗೆ ಹಾಕಿದ್ದೀರಲ್ಲ ಆ ಬ್ಯಾಂಡು, ಅದನ್ನ ನಿಲ್ಲಿಸಿ. ಕಿವುಡರು ಕೂರೋ ಜಾಗದಲ್ಲಿ ಯಾರಾದರೂ ಬ್ಯಾಂಡ್ ಹಾಕ್ತಾರಾ?" ಎಂದು ಗದರಿದರು. ತೊಂಬತ್ತರ ಆಸುಪಾಸಿನ, ಕಡ್ಡಿಯಂತೆ ತೆಳ್ಳಗಿನ, ನೆಟ್ಟಗೆ ನಿಲ್ಲುವ ಹೆಂಗಸು. ದನಿ ಮಾತ್ರ ಕಿವಿ ಕೇಳದವರೆಲ್ಲರಂತೆ ದೊಡ್ಡದು.

ಹೊರಗೆ ಬ್ಯಾಂಡೂ ಇರಲಿಲ್ಲ, ರೇಡಿಯೋ ಕೂಡ ಇರಲಿಲ್ಲ. ನಾನು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆದು ತೋರಿಸಿದೆ. ಅವರು ಓದಿದರು, ಬಾಗಿಲ ಕಡೆ ನೋಡಿದರು, ಮತ್ತೆ ಓದಿದರು. ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತು, "ಹಾಗಾದರೆ ಮೇಲಿನ ಮನೆಯವನದು ಏನೂ ತಪ್ಪಿರಲಿಲ್ಲ" ಎಂದರು.

ಅವರ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿ ಯಾರೋ ಒಬ್ಬ ಕಾಲೇಜು ವಿದ್ಯಾರ್ಥಿ ಬಾಡಿಗೆಗಿದ್ದನಂತೆ. ಹೊತ್ತುಗೊತ್ತಿಲ್ಲದೆ ಬ್ಯಾಂಡ್ ಹಾಕುತ್ತಾನೆ ಎಂದು ಮೇಡಂ ಮ್ಯಾನೇಜರಿಗೆ ದೂರಿನ ಮೇಲೆ ದೂರು ಕೊಟ್ಟು ಅವನನ್ನು ಮನೆ ಬಿಡಿಸಿದ್ದರು. ಅವನು ಹೋದ ಮೇಲೂ ಬ್ಯಾಂಡ್ ನಿಲ್ಲಲಿಲ್ಲ. ಎದುರು ಮನೆಯವರ ಮೇಲೆ ಸಂಶಯಪಟ್ಟರು. ಆಮೇಲೆ ಚರ್ಚಿನ ಮೇಲೆ. ಈಗ ನಮ್ಮ ಕ್ಲಿನಿಕ್ಕಿನ ಮೇಲೆ.

ನಾನು ಮೈಸೂರಿನಲ್ಲಿ ಕಿವಿ ಮತ್ತು ಮಾತಿನ ಚಿಕಿತ್ಸೆಯನ್ನು ಓದಿ, ಉಡುಪಿ ಕಡೆಯ ಹುಡುಗನನ್ನು ಮದುವೆಯಾಗಿ ಸ್ಯಾನ್ ಡಿಯೇಗೊಗೆ ಬಂದವಳು. ಗಂಡನಿಗೆ ಸೊರೆಂಟೊ ವ್ಯಾಲಿಯಲ್ಲಿ ಕೆಲಸ, ನನಗೆ ಈ ಕ್ಲಿನಿಕ್ಕು. ಮೇಡಂ ಅವರಂಥ ರೋಗಿಗಳ ಬಗ್ಗೆ ಪಾಠದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಕಿವಿ ಬಹುಮಟ್ಟಿಗೆ ಮುಚ್ಚಿಹೋದ ಮೇಲೆ ಕೆಲವರ ಮೆದುಳು ಸುಮ್ಮನೆ ಕೂರುವುದಿಲ್ಲ. ತನ್ನೊಳಗಿನ ಯಾವುದೋ ಹಳೆಯ ಹಾಡನ್ನು ತೆಗೆದು ತಾನೇ ಕೇಳಿಸಿಕೊಳ್ಳುತ್ತದೆ. ಅದು ಹುಚ್ಚಲ್ಲ ಎಂದು ಬರೆದು ತೋರಿಸಿದೆ. ಅವರ ಮುಖ ಸ್ವಲ್ಪ ಸಡಿಲವಾಯಿತು.

"ಯಾವ ಹಾಡು ಅಂತ ನಾವು ಆರಿಸ್ಕೋಬಹುದಾ?"

ಇಲ್ಲ ಎಂದು ತಲೆಯಾಡಿಸಿದೆ.

"ಆರಿಸಿದ್ದು ಯಾರೋ, ಅವರಿಗೆ ನನ್ನ ಪರಿಚಯ ಚೆನ್ನಾಗಿದೆ" ಎಂದರು.

ನಾನು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆ. ಹಾಗೆ ಕರೆದರೆ ತಾನು ಹಳೇ ಕಾಲದಲ್ಲಿ ಹೆಂಗಸರ ಟೋಪಿ ಅಂಗಡಿ ಇಟ್ಟವಳ ಹಾಗೆ ಅನಿಸುತ್ತದೆ ಎಂದು ಅವರು ಗೊಣಗುತ್ತಿದ್ದರು, ಆದರೆ ಬಿಡಿಸಲಿಲ್ಲ. ಅವರು ತೀರಿಕೊಂಡು ಈಗ ವರ್ಷಗಳಾದವು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ಕಂಡ ಹೆಸರಿನಿಂದ ಅವರಿಗೆ ಯಾವತ್ತೂ ಸುಖ ಸಿಕ್ಕಿರಲಿಲ್ಲ. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ಅರವತ್ತು ವರ್ಷ ಅಮೆರಿಕದಲ್ಲಿದ್ದರೂ ಬಿಡದ ಆಸ್ಟ್ರೇಲಿಯಾದ ರಾಗದಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಅವರ ಬಲಗೈಯ ಮೂರು ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಮೇಜಿನ ಅಂಚು, ಕೈಚೀಲದ ಹಿಡಿ, ಚಹಾದ ಬಟ್ಟಲು, ಯಾವುದು ಸಿಕ್ಕಿದರೂ ಅದರ ಮೇಲೆ ಒಂದಾದ ಮೇಲೊಂದು ಒತ್ತುತ್ತಿದ್ದವು. ನಡುಕದ ಕಾಯಿಲೆ ಇರಬಹುದು ಎಂದುಕೊಂಡಿದ್ದೆ. ಎಳವೆಯಲ್ಲಿ ಅವರು ಊದುತ್ತಿದ್ದ ಕಾರ್ನೆಟ್ ಎಂಬ ವಾದ್ಯಕ್ಕೆ ಮೂರು ಗುಂಡಿಗಳು ಎಂದು ಗೊತ್ತಾದದ್ದು ಬಹಳ ದಿನದ ಮೇಲೆ. ನಮ್ಮ ಕಡೆ ಮದುವೆಯ ದಿಬ್ಬಣದಲ್ಲಿ ಬ್ಯಾಂಡ್‌ಸೆಟ್ಟಿನವರು ಊದುವ ತುತ್ತೂರಿಯ ಗಿಡ್ಡ ತಮ್ಮ ಅದು.

ಆದರೆ ಮೇಡಂ ಜಗತ್ತಿಗೆ ಪರಿಚಯವಾದದ್ದು ಕಾರ್ನೆಟ್ಟಿನಿಂದಲ್ಲ, ವಿಯೋಲಾದಿಂದ. ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ, ಮಂದ್ರದ ದನಿಯ ಆ ವಾದ್ಯವನ್ನು ಅವರು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನ ಸಿನಿಮಾ ಸ್ಟುಡಿಯೋಗಳಲ್ಲಿ ದಶಕಗಟ್ಟಲೆ ನುಡಿಸಿದ್ದರು. ಪರದೆಯ ಮೇಲೆ ಯಾರೋ ಅಳುವಾಗ, ಯಾರೋ ಹಡಗು ಹತ್ತುವಾಗ ಹಿಂದಿನಿಂದ ಬರುವ ಸಂಗೀತದಲ್ಲಿ ಅವರದೂ ಒಂದು ಎಳೆ. "ಎಲ್ಲಾ ಬಿಟ್ಟು ವಿಯೋಲಾ ಯಾಕೆ?" ಎಂದು ಒಮ್ಮೆ ಕೇಳಿದೆ.

"ವಿಯೋಲಾ ಕೇಳಿ ಯಾರೂ ಎದ್ದು ಹೆಜ್ಜೆ ಹಾಕೋದಿಲ್ಲ. ಎಷ್ಟು ಚೆನ್ನಾಗಿ ನುಡಿಸಿದರೂ ಜನ ಕೂತಲ್ಲೇ ಕೂತಿರ್ತಾರೆ. ನನಗೆ ಅಂಥದ್ದೇ ಬೇಕಿತ್ತು."

ಟೊರ್ರಿ ಪೈನ್ಸಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಂಥ ಕಾಯಿಲೆಗೆ ಹೊಸ ಔಷಧಿ ಪ್ರಯೋಗಿಸುತ್ತಿದ್ದ ಒಬ್ಬ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಆತ ಸೌಮ್ಯ ಮನುಷ್ಯ. ಮಾತ್ರೆ ತಗೊಂಡರೆ ಬ್ಯಾಂಡ್ ತಗ್ಗಬಹುದು, ನಿಂತೂ ಹೋಗಬಹುದು ಎಂದ. ಮೇಡಂ ಕೇಳಿದರು: "ಇದೊಂದೇ ಹೋಗುತ್ತಾ, ಇಲ್ಲಾ ಉಳಿದದ್ದೂ ಹೋಗುತ್ತಾ?" ಅವರಿಗೆ ಹೊರಗಿನದು ಏನೂ ಕೇಳದಿದ್ದರೂ ಕಣ್ಣು ಮುಚ್ಚಿ ಕೂತರೆ ತಾವು ನುಡಿಸಿದ್ದೆಲ್ಲ ನೆನಪಿನಿಂದ ಕೇಳಿಸುತ್ತಿತ್ತು. ಬ್ಯಾಂಡಿನ ಗಲಾಟೆಯ ಸಂದಿಯಲ್ಲಿ ಅದನ್ನು ಹುಡುಕಿ ಕೇಳುತ್ತಿದ್ದರು. ಡಾಕ್ಟರ್ ಪ್ರಾಮಾಣಿಕವಾಗಿ, ಹೇಳಲಾರೆ ಎಂದ. ಮೇಡಂ ಅವನ ಕೈ ಕುಲುಕಿ ಎದ್ದುಬಿಟ್ಟರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಾನು ಶ್ರವಣಯಂತ್ರ ಬದಲಾಯಿಸಿ ನೋಡಿದೆ. ಮನೆಯಲ್ಲಿ ಸದಾ ಫ್ಯಾನು, ಟೀವಿ ಏನಾದರೂ ಸದ್ದು ಮಾಡುತ್ತಿರಲಿ ಎಂದೆ. ಬ್ಯಾಂಡು ಸ್ವಲ್ಪ ದೂರ ಹೋದ ಹಾಗೆ ಆಗುತ್ತಿತ್ತಂತೆ, ಊರಾಚೆಯ ರಸ್ತೆಯಲ್ಲಿ ಹೋದ ಹಾಗೆ. ಮತ್ತೆ ತಿರುಗಿ ಬರುತ್ತಿತ್ತಂತೆ.

ಆ ವರ್ಷ ನಮ್ಮ ಅತ್ತೆ ಊರಿನಿಂದ ಬಂದರು. ಅವರಿಗೆ ಇಲ್ಲಿ ಹಗಲು ಕಳೆಯುವುದೇ ದೊಡ್ಡ ಕೆಲಸ. ನನ್ನ ಗಂಡ ಆಫೀಸಿಗೆ, ಮಗಳು ಸ್ಕೂಲಿಗೆ. ಸಂಜೆ ಮಗಳು ಬಂದರೂ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು "ಐಯಾಮ್ ಫೈನ್, ಅಜ್ಜಿ" ಎಂದು ರೂಮು ಸೇರುತ್ತಿದ್ದಳು. ಒಂದು ಶನಿವಾರ ಮೇಡಂ ಶ್ರವಣಯಂತ್ರ ನೋಡಲು ಅವರ ಮನೆಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋದೆ. ಆಮೇಲೆ ಅದೇ ರೂಢಿಯಾಯಿತು. ಒಬ್ಬರಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬರಿಗೆ ಕಿವಿ ಕೇಳದು. ಆದ್ದರಿಂದ ನನ್ನೊಂದಿಗಿಂತ ಅವರವರಲ್ಲೇ ಚೆನ್ನಾಗಿ ಹೊಂದಿಕೆಯಾಯಿತು. ಮೇಡಂ ಕಷಾಯದಂಥ ಕಡು ಚಹಾ ಮಾಡಿಕೊಡುತ್ತಿದ್ದರು. ಅತ್ತೆ ಅದಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡು, ಮೇಡಂ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಆ ಕೈಯ ಬೆರಳುಗಳು ಅಲ್ಲೂ ಒತ್ತುತ್ತಿದ್ದವು.

"ಇವರಿಗೆ ಎಂತದೋ ಕೇಳ್ತಾ ಉಂಟು ಅಲ್ವಾ?" ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. "ಇದು ವಾಯುವಿನ ನಡುಕ ಅಲ್ಲ. ಇದು ತಾಳ."

ಮೇಡಂ ಒಂದು ಕಾದಂಬರಿ ಬರೆದಿದ್ದರು. ಲಾಸ್ ಏಂಜಲೀಸಿಗೆ ಬಂದ ಹೊಸದರಲ್ಲಿ, ಸ್ಟುಡಿಯೋ ಕೆಲಸ ಸಿಗುವ ಮುಂಚೆ, ಬಾಡಿಗೆ ಕೋಣೆಯಲ್ಲಿ ಕೂತು ಬರೆದದ್ದು. ಅದರ ಒಂದು ಪ್ರತಿಯನ್ನು ನನಗೆ ಓದಲು ಕೊಟ್ಟರು. "ಇದರಲ್ಲಿರೋದು ನಡೆದದ್ದೇ. ಮತ್ತೆ ಮತ್ತೆ ನನ್ನ ಕೇಳಬೇಡ" ಎಂದರು.

ಆಸ್ಟ್ರೇಲಿಯಾದ ಒಳನಾಡಿನ ಒಂದು ಸಣ್ಣ ಊರು. ಕುರಿ, ಗೋಧಿ, ಧೂಳು, ಒಂದೇ ಬೀದಿ. ಆ ಊರಿನ ಬ್ಯಾಂಡ್ ಮಾಸ್ತರ ತನ್ನ ಮಗಳಿಗೆ ಎಳವೆಯಲ್ಲೇ ಕಾರ್ನೆಟ್ ಕಲಿಸುತ್ತಾನೆ. ಹೆಣ್ಣುಮಗು ಊದುತ್ತದೆ ಎಂದು ಸುತ್ತಲ ಊರುಗಳಿಂದ ಜನ ನೋಡಲು ಬರುತ್ತಾರೆ. ಅಷ್ಟರಲ್ಲಿ ಮೊದಲನೇ ಮಹಾಯುದ್ಧ. ಸೈನ್ಯಕ್ಕೆ ಜನ ಸೇರಿಸಲು ಊರೂರಿನಲ್ಲಿ ಸಭೆಗಳು. ಮಾಸ್ತರ ಹನ್ನೆರಡು ವರ್ಷದ ಮಗಳಿಗೆ ಬಿಳಿ ಫ್ರಾಕು ಹಾಕಿಸಿ, ಗಾಡಿಯ ಮೇಲೆ ನಿಲ್ಲಿಸಿ, ಸೈನಿಕರು ಹೆಜ್ಜೆ ಹಾಕುವ ಒಂದು ಕವಾಯತಿನ ಪದ ಊದಿಸುತ್ತಾನೆ. ಅದು ಶುರುವಾಗುತ್ತಿದ್ದಂತೆ ಹುಡುಗರು ಒಬ್ಬೊಬ್ಬರಾಗಿ ಗುಂಪಿನಿಂದ ಹೊರಬಂದು ಹೆಸರು ಬರೆಸಲು ವೇದಿಕೆ ಹತ್ತುತ್ತಾರೆ, ಜನ ಟೋಪಿ ಎಸೆದು ಕೂಗುತ್ತಾರೆ. ಒಂದು ಸಂಜೆ ಹಾಗೆ ಹತ್ತಿದವರಲ್ಲಿ ಅವಳ ಅಣ್ಣನೂ ಇರುತ್ತಾನೆ. ಅವನಿಗೆ ವಯಸ್ಸು ಸಾಲದು, ತಂದೆ ಒಪ್ಪಬೇಕು. ತಂದೆ ಅಲ್ಲೇ ಕೋಲು ಬೀಸುತ್ತ ನಿಂತಿದ್ದಾನೆ, ತಲೆಯಾಡಿಸುತ್ತಾನೆ. ಅಣ್ಣ ತಂಗಿಯನ್ನು ನೋಡಿ ಕಣ್ಣು ಮಿಟುಕಿಸುತ್ತಾನೆ. ಅವಳು ಊದುತ್ತಲೇ ಇರುತ್ತಾಳೆ. ಅಣ್ಣ ತಿರುಗಿ ಬರುವುದಿಲ್ಲ.

ಈಗ ಮೇಡಂ ಕಿವಿಯಲ್ಲಿ ಕೂತದ್ದು ಆ ಕವಾಯತಿನ ಪದವೇ.

ಕಾದಂಬರಿಯನ್ನು ಲಂಡನ್ನಿನಲ್ಲೂ ಇಲ್ಲೂ ಕೆಲವರು ಹೊಗಳಿದರು. ಊರಿನವರು ಮಾತ್ರ ಕ್ಷಮಿಸಲಿಲ್ಲ. ಆ ಬೀದಿಯ ಪ್ರತಿ ಮನೆಯಲ್ಲೂ ಯುದ್ಧದಲ್ಲಿ ಸತ್ತವನೊಬ್ಬನ ಫೋಟೋಕ್ಕೆ ಹೂವು ಬೀಳುತ್ತಿತ್ತು. ಅವರೆಲ್ಲ ದೇಶಕ್ಕಾಗಿ ಹೋದವರು, ಒಂದು ಹುಡುಗಿ ಊದಿದಳೆಂದು ಹೋದವರಲ್ಲ. ಊರಿನ ವಾಚನಾಲಯ ಪುಸ್ತಕ ಇಡಲಿಲ್ಲ. ತಂದೆ ಸಾಯುವವರೆಗೂ ಮಗಳೊಂದಿಗೆ ಮಾತಾಡಲಿಲ್ಲ. ಮೇಡಂ ಮತ್ತೆ ಊರಿಗೆ ಹೋಗಲಿಲ್ಲ, ಮತ್ತೊಂದು ಕಥೆ ಬರೆಯಲೂ ಇಲ್ಲ. ವಿಯೋಲಾ ಕಲಿಯುವವರಿಗೆ ಒಂದು ಪಾಠದ ಪುಸ್ತಕ ಬರೆದರು, ಅಷ್ಟೇ.

ನಾನು ಪುಸ್ತಕ ಹಿಂತಿರುಗಿಸಿದಾಗ "ಪಾಪ, ಆಗ ನೀವು ಅಷ್ಟು ಚಿಕ್ಕವರು" ಎಂದೆ. ಅವರು ತುಟಿ ಓದಿದರು. "ಎಲ್ಲರೂ ಇದನ್ನೇ ಹೇಳ್ತಾರೆ. ಚಹಾ ಕುಡಿ" ಎಂದರು.

ಮರುವರ್ಷ ಬರ್ಬ್ಯಾಂಕಿನಿಂದ ಇಬ್ಬರು ಬಂದರು. ಟೀವಿ ಸಿನಿಮಾ ಮಾಡುವವರು. ಅವರಲ್ಲೊಬ್ಬಳು ಹಳೆ ಪುಸ್ತಕದಂಗಡಿಯಲ್ಲಿ ಕಾದಂಬರಿಯನ್ನು ಕಂಡು, ಓದಿ ಅತ್ತಳಂತೆ. ನಿರ್ದೇಶಕ ಎಳೆಯ ವಯಸ್ಸಿನವನು, ವಿನಯವಂತ. ಅವರು ಹೇಳಿದ್ದನ್ನು ಮೇಡಂಗೆ ಬರೆದು ತೋರಿಸಲು ನನ್ನನ್ನು ಕೂರಿಸಿಕೊಂಡಿದ್ದರು. ಊರನ್ನು ಆಸ್ಟ್ರೇಲಿಯಾದಿಂದ ಅಮೆರಿಕದ ನಡುನಾಡಿಗೆ ತರುತ್ತೇವೆ ಎಂದರು. ಮೇಡಂ ನಕ್ಕು, "ಕುರಿ ಅಲ್ಲೂ ಇವೆ" ಎಂದರು. ಆಮೇಲೆ ನಿರ್ದೇಶಕ ಗಂಟಲು ಸರಿಮಾಡಿಕೊಂಡ. ಇನ್ನೊಂದು ಸಣ್ಣ ಬದಲಾವಣೆ. ಅಣ್ಣ ವೇದಿಕೆ ಹತ್ತಿದಾಗ ಹುಡುಗಿ ನಡುವೆಯೇ ಊದುವುದನ್ನು ನಿಲ್ಲಿಸಿಬಿಡುತ್ತಾಳೆ. ಎಲ್ಲರೂ ಸ್ತಬ್ಧ. ಆ ಮೌನದಲ್ಲಿ ಅಣ್ಣ ಇಳಿದು ಮನೆಗೆ ಬರುತ್ತಾನೆ. ನೋಡುವವರಿಗೆ ಒಂದು ಆಸರೆ ಬೇಕು ಎಂದ.

ಅದನ್ನು ಬರೆದು ಕೊಟ್ಟೆ. ಇವರು ಈಗ ಇಬ್ಬರನ್ನೂ ಬಾಗಿಲಾಚೆ ಅಟ್ಟುತ್ತಾರೆ ಎಂದುಕೊಂಡೆ. ಮೇಡಂ ಓದಿದರು. ಕಾಗದ ಮಡಚಿ ಮಡಿಲಲ್ಲಿಟ್ಟುಕೊಂಡರು.

"ಅವಳು ನಿಲ್ಲಿಸೋವಾಗ ನಾನು ಅಲ್ಲಿರಬಹುದಾ?"

"ಖಂಡಿತ" ಎಂದ ನಿರ್ದೇಶಕ.

"ಹಾಗಾದರೆ ಆಗಲಿ."

ಅವರು ಹೋದ ಮೇಲೆ ನಾನು ಜಗಳವಾಡಿದೆ. ಬರೆಯುವುದು ಬಿಟ್ಟು, ತುಟಿ ಓದಲಿ ಎಂದು ಎದುರೇ ನಿಂತು ಹೇಳಿದೆ. "ನಿಮ್ಮ ಪುಸ್ತಕದ ಪ್ರಾಣವೇ ಅದು. ಊರು ಕಳೆದುಕೊಂಡದ್ದು, ಅಪ್ಪ ಮಾತು ಬಿಟ್ಟದ್ದು ಎಲ್ಲಾ ಆ ಸತ್ಯಕ್ಕೋಸ್ಕರ. ಈಗ ಸುಳ್ಳಿಗೆ ಒಪ್ಪಿದಿರಲ್ಲ!"

"ಸತ್ಯ ನಾನು ಬರೆದಾಯ್ತು" ಎಂದರು. "ಅದರಿಂದ ಯಾರು ಇಳಿದು ಬಂದರು? ಒಂದು ಸಲ ಅವಳು ನಿಲ್ಲಿಸಲಿ. ನನಗೆ ಅದನ್ನ ನೋಡಬೇಕು." ಆಮೇಲೆ ತಮ್ಮ ಕಿವಿಯನ್ನು ತೋರಿಸಿದರು. "ಇದಕ್ಕೂ ತೋರಿಸಬೇಕು."

ಆಗ ನನಗೆ ಅವರ ಆಸೆ ತಿಳಿಯಿತು. ಜಗತ್ತಿನಲ್ಲಿ ಎಲ್ಲಾದರೂ ಆ ಹುಡುಗಿ ಕಾರ್ನೆಟ್ ಕೆಳಗಿಳಿಸಿದರೆ ತನ್ನೊಳಗಿನವಳೂ ಇಳಿಸಬಹುದು ಎಂದು ಅವರು ನಂಬಿದ್ದರು. ಕಿವಿಯ ವಿದ್ಯೆ ಓದಿದ ನಾನು ಅದು ಹಾಗಲ್ಲ ಎಂದು ಹೇಳಬೇಕಿತ್ತೇನೋ. ಹೇಳಲಿಲ್ಲ. ಹಾಗೆ ಆದರೂ ಆಗಬಹುದು ಎಂದು ನನಗೂ ಅನಿಸಿತ್ತು.

ಶೂಟಿಂಗ್ ದಿನ ಬೆಳಗ್ಗೆ ಮೇಡಂ ಬೂದು ಬಣ್ಣದ ಕೋಟು ತೊಟ್ಟು ಮೆಟ್ಟಿಲ ಮೇಲೆ ನನಗಾಗಿ ಕಾಯುತ್ತಿದ್ದರು. ಅತ್ತೆ ಮೊಸರನ್ನ ಕಟ್ಟಿಕೊಟ್ಟಿದ್ದರು. ನಾನು ಲಾಸ್ ಏಂಜಲೀಸಿನವರೆಗೆ ಗಂಡನಿಲ್ಲದೆ ಡ್ರೈವ್ ಮಾಡಿದ್ದು ಅದೇ ಮೊದಲು. ಸಮುದ್ರ ಎಡಕ್ಕೆ ಬಿಟ್ಟುಹೋಗುವವರೆಗೂ ಅವರು ಚೆನ್ನಾಗಿಯೇ ಮಾತಾಡುತ್ತಿದ್ದರು. ಹಿಂದೆ ಸ್ಟುಡಿಯೋದಲ್ಲಿ ಹೆಂಗಸರನ್ನು ಹೇಗೆ ಹಿಂದಿನ ಸಾಲಿಗೆ ತಳ್ಳುತ್ತಿದ್ದರು, ಪಕ್ಕದಲ್ಲಿ ಕೂರುತ್ತಿದ್ದವನು ಹೇಗೆ ನಿದ್ದೆಯಲ್ಲೂ ತಾಳ ತಪ್ಪದೆ ನುಡಿಸುತ್ತಿದ್ದ, ಇಂಥವು.

ಸ್ಟುಡಿಯೋದ ಅಂಗಳದಲ್ಲಿ ಹಲಗೆಗೆ ಬಣ್ಣ ಬಳಿದು ಒಂದು ಬೀದಿ ಕಟ್ಟಿದ್ದರು. ಮುಂದೆ ಅಂಗಡಿ, ಬ್ಯಾಂಕು, ಚರ್ಚು. ಹಿಂದೆ ಹೋಗಿ ನೋಡಿದರೆ ಬರೀ ಆಧಾರದ ಕೋಲುಗಳು. ನಡುವೆ ಗಾಡಿ. ಅದರ ಮೇಲೆ ಬಿಳಿ ಫ್ರಾಕಿನ ಹುಡುಗಿ, ನನ್ನ ಮಗಳ ವಯಸ್ಸಿನವಳು, ಚೂಯಿಂಗ್ ಗಮ್ ಜಗಿಯುತ್ತ ನಿಂತಿದ್ದಳು. ಮೇಡಂಗೆ ಕ್ಯಾಮೆರಾದ ಪಕ್ಕದಲ್ಲೇ ಕುರ್ಚಿ ಹಾಕಿದರು. ಯಾರೋ ಬಂದು ಹುಡುಗಿಯ ಬಾಯಿಂದ ಗಮ್ ತೆಗೆಸಿದರು.

ಶುರುವಾಯಿತು. ಹಿಂದಿನಿಂದ ಧ್ವನಿಮುದ್ರಿತ ಬ್ಯಾಂಡ್ ಹಾಕಿದ್ದರು, ಹುಡುಗಿ ಅದಕ್ಕೆ ಸರಿಯಾಗಿ ಕೆನ್ನೆ ಉಬ್ಬಿಸಿ ಊದುವ ನಟನೆ ಮಾಡುತ್ತಿದ್ದಳು. ಮೇಡಂಗೆ ಅದು ಯಾವುದೂ ಕೇಳಿಸುವಂತಿರಲಿಲ್ಲ. ಅವರು ಹುಡುಗಿಯ ಬೆರಳುಗಳನ್ನೇ ನೋಡುತ್ತಿದ್ದರು. ತಂದೆಯ ಪಾತ್ರದವನು ಕೋಲು ಬೀಸಿದ. ಹುಡುಗರು ಹತ್ತಿದರು. ಅಣ್ಣ ಹತ್ತಿದ. ಹುಡುಗಿ ಅವನನ್ನು ನೋಡಿದಳು. ಅವಳ ಕಣ್ಣು ತುಂಬಿತು, ನಿಜವಾಗಿಯೂ ತುಂಬಿತು. ಅವಳು ಕಾರ್ನೆಟ್ಟನ್ನು ಬಾಯಿಂದ ತೆಗೆದು ಮೆಲ್ಲಗೆ ಕೆಳಗಿಳಿಸಿದಳು. ಧ್ವನಿಮುದ್ರಿಕೆ ನಿಂತಿತು. ಇಡೀ ಬೀದಿ ಸದ್ದಿಲ್ಲದೆ ನಿಂತಿತು.

ನಾನು ಮೇಡಂ ಕಡೆ ತಿರುಗಿದೆ. ಅವರ ಬೆರಳುಗಳು ಕುರ್ಚಿಯ ಕೈಯ ಮೇಲೆ ಒತ್ತುತ್ತಲೇ ಇದ್ದವು.

ಅವರು ನನ್ನನ್ನು ನೋಡಿದರು. ಮಕ್ಕಳು ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡಾಗ ನೋಡುತ್ತಾರಲ್ಲ, ಹಾಗೆ. "ನಿಲ್ಲಲಿಲ್ಲ" ಎಂದರು. ಅವರಿಗೆ ತಮ್ಮ ದನಿಯ ಅಳತೆ ಗೊತ್ತಾಗುವುದಿಲ್ಲ. ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಕ್ಯಾಮೆರಾ ನಿಲ್ಲಿಸಿ ಮತ್ತೆ ತೆಗೆಯಬೇಕಾಯಿತು. ಎರಡನೇ ಸಲವೂ ಹುಡುಗಿ ಕಾರ್ನೆಟ್ ಇಳಿಸಿದಳು. ಎರಡನೇ ಸಲವೂ ಅವರ ಬೆರಳುಗಳು ನಿಲ್ಲಲಿಲ್ಲ.

ಊಟದ ಬಿಡುವಿನಲ್ಲಿ ಮೇಡಂ ನಿರ್ದೇಶಕನನ್ನು ಕರೆದು, ಹುಡುಗಿ ಕೊನೆಯವರೆಗೂ ಊದಲಿ, ಪುಸ್ತಕದಲ್ಲಿದ್ದಂತೆಯೇ ಇರಲಿ ಎಂದು ಕೇಳಿಕೊಂಡರು. ಆತ ಅವರ ಕಾಲ ಬಳಿ ಮೊಣಕಾಲೂರಿ ಕೂತು, ತನ್ನ ಕೈಯಲ್ಲಿಲ್ಲ, ಮೇಲಿನವರು ಒಪ್ಪಿದ್ದು ಈ ಕಥೆಗೆ ಎಂದು ನಿಧಾನವಾಗಿ ಹೇಳಿದ. ಅವರು ವಾದಿಸಲಿಲ್ಲ. ಒಪ್ಪಿಗೆ ಕೊಟ್ಟವರು ತಾವೇ ತಾನೇ. ಅಷ್ಟರಲ್ಲಿ ಆ ಹುಡುಗಿ ಓಡಿಬಂದು, "ನಾನು ಸರಿಯಾಗಿ ಮಾಡಿದ್ನಾ?" ಎಂದಳು. ಮೇಡಂ ಅವಳ ಕೆನ್ನೆ ಮುಟ್ಟಿ, "ನೀನು ಸರಿಯಾಗೇ ಮಾಡಿದೆ" ಎಂದರು. ಮೊಸರನ್ನ ಹಾಗೆಯೇ ಮನೆಗೆ ವಾಪಸು ಬಂತು.

ಸಿನಿಮಾ ಟೀವಿಯಲ್ಲಿ ಬಂದದ್ದು ಒಂದು ಭಾನುವಾರ ಸಂಜೆ. ನಾವು ನೋಡಿದ್ದು ಮೇಡಂ ಮನೆಯಲ್ಲಿ. ನೋಡುವುದಿಲ್ಲ ಎಂದಿದ್ದವರು ಕೊನೆಗೆ ತಾವೇ ಕಿವುಡರ ಫೋನಿನ ಯಂತ್ರದಲ್ಲಿ ಟೈಪ್ ಮಾಡಿ ನಮ್ಮನ್ನು ಕರೆಸಿಕೊಂಡರು. ಅತ್ತೆ ಹೊಸ ಸೀರೆ ಉಟ್ಟಿದ್ದರು. ತಮ್ಮ ಗೆಳತಿಯ ಕಥೆ ಸಿನಿಮಾ ಆಗಿದೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಒಳಗಿನ ವಿಷಯ ನಾನು ಹೇಳಿರಲಿಲ್ಲ. ಎಂದಿನಂತೆ ಮೇಡಂ ಕೈ ಅವರ ತೊಡೆಯ ಮೇಲೆ.

ನಾನು ಹೇಳದಿದ್ದುದಕ್ಕೆ ಕಾರಣವಿತ್ತು. ಅತ್ತೆಯ ತಮ್ಮ ಮಿಲಿಟರಿಗೆ ಸೇರಿದ್ದ. ಚೀನಾ ಯುದ್ಧಕ್ಕೆ ಹೋದವನ ದೇಹವೂ ಊರಿಗೆ ಬರಲಿಲ್ಲ. ಅತ್ತೆ ಆ ಹೆಸರನ್ನು ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ಗಾಡಿಯ ದೃಶ್ಯ ಬಂತು. ಮಾತು ತಿಳಿಯದಿದ್ದರೂ ಅದು ತಿಳಿಯದಿರಲು ಸಾಧ್ಯವೇ ಇರಲಿಲ್ಲ. ಹುಡುಗಿ ಕಾರ್ನೆಟ್ ಇಳಿಸಿದಳು, ಅಣ್ಣ ವೇದಿಕೆ ಇಳಿದ. ಅತ್ತೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಕಣ್ಣಲ್ಲಿ ನೀರು. ಮೇಡಂ ಕಡೆ ತಿರುಗಿ, "ಒಳ್ಳೇ ಕೆಲಸ ಮಾಡಿದ್ರಿ! ಎಂಥಾ ಒಳ್ಳೇ ಕೆಲಸ ಮಾಡಿದ್ರಿ!" ಎಂದು ಅವರ ಕೈಯನ್ನು ಕಣ್ಣಿಗೊತ್ತಿಕೊಂಡರು.

"ಏನಂತೆ?" ಎಂದು ಮೇಡಂ ನನ್ನನ್ನು ಕೇಳಿದರು.

ಬರೆದು ತೋರಿಸಿದೆ.

"ನಾನು ನಿಲ್ಲಿಸಲಿಲ್ಲ ಅಂತ ಹೇಳು."

"ಬೇಡ ಮೇಡಂ."

"ಹೇಳು."

ಹೇಳಿದೆ. ಸಿನಿಮಾ ಸುಳ್ಳು, ಇವರು ಕೊನೆಯವರೆಗೂ ಊದಿದರು, ಅಣ್ಣ ಹೋದ, ಬರಲಿಲ್ಲ. ಅತ್ತೆ ಮೊದಲು ನನ್ನ ಮುಖ ನೋಡಿದರು, ಆಮೇಲೆ ಮೇಡಂ ಮುಖ. ಕಣ್ಣಿಗೊತ್ತಿಕೊಂಡಿದ್ದ ಕೈಯನ್ನು ಮೆಲ್ಲಗೆ ತೆಗೆದು ಮೇಡಂ ತೊಡೆಯ ಮೇಲೆಯೇ ಇಟ್ಟುಬಿಟ್ಟರು. ಯಾರದೋ ವಸ್ತುವನ್ನು ಅವರಿಗೇ ತಿರುಗಿ ಕೊಟ್ಟ ಹಾಗೆ.

ಮೇಡಂ ಅದನ್ನು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. "ಸರಿ" ಎಂಬಂತೆ ತಲೆಯಾಡಿಸಿ, ಯಾರೂ ಕೇಳದೆಯೇ ಮಾತಾಡತೊಡಗಿದರು. ನಾನು ಹಿಂದೆಯೇ ಕನ್ನಡದಲ್ಲಿ ಹೇಳುತ್ತ ಹೋದೆ.

"ಪುಸ್ತಕದಲ್ಲಿ ನಾನು ಒಂದನ್ನ ಬರೆದಿಲ್ಲ. ಅವತ್ತು ನಾನು ಬಹಳ ಚೆನ್ನಾಗಿ ಊದಿದೆ. ಕೊನೆಯ ಮೇಲಿನ ಸ್ವರ ಯಾವಾಗಲೂ ಒಡೆದುಹೋಗ್ತಿತ್ತು, ಅವತ್ತು ಒಡೀಲಿಲ್ಲ. ಮುಗಿದಾಗ ನಾನು ಅಣ್ಣನ ಕಡೆ ನೋಡ್ಲೇ ಇಲ್ಲ. ಅಪ್ಪ ಗಮನಿಸಿದನಾ ಅಂತ ಅಪ್ಪನ ಕಡೆ ನೋಡಿದೆ. ನನಗೆ ಖುಷಿಯಾಗಿತ್ತು. ಈಗ ಕೇಳ್ತಿರೋದು ಅದೇ. ನಾನೇ ಊದಿದ್ದು. ಒಂದು ಸ್ವರವೂ ತಪ್ಪಿಲ್ಲ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಏನನ್ನೂ ನುಡಿಸಿಲ್ಲ."

ಟೀವಿಯಲ್ಲಿ ಅಷ್ಟರಲ್ಲಿ ಜಾಹೀರಾತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಮೇಡಂ ಕಡೆ ನೋಡದೆ ನನಗೆ ಹೇಳಿದರು: "ಇವರ ಅಮ್ಮ ಎಂತ ಮಾಡಿದ್ರು ಕೇಳು."

ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ. ಕಾದಂಬರಿಯಲ್ಲಿ ತಾಯಿಯೇ ಇರಲಿಲ್ಲ. ಹುಡುಗಿ ತಾಯಿಯಿಲ್ಲದ ತಬ್ಬಲಿ ಎಂದು ಮೊದಲಿಗೇ ಬರೆದು ಮುಗಿಸಿದ್ದರು. ಪ್ರಶ್ನೆಯನ್ನು ಮೇಡಂಗೆ ಬರೆದು ತೋರಿಸಿದೆ.

"ಏನೂ ಅನ್ನಲಿಲ್ಲ. ಒಂದು ಮಾತು ಬೈಯಲಿಲ್ಲ. ಅಣ್ಣ ಸತ್ತ ತಂತಿ ಬಂದ ಮೇಲೂ ಅಪ್ಪ ನನ್ನ ಅಭ್ಯಾಸ ಬಿಡಿಸಲಿಲ್ಲ. ದಿನಾ ಸಂಜೆ ನನ್ನ ಕೋಣೇಲಿ ಕಾರ್ನೆಟ್ ಎತ್ತಿಕೊಂಡ ಕೂಡಲೇ ಅಮ್ಮ ಬರ್ತಿದ್ದಳು. ಬಂದು ಬಾಗಿಲು ಹಾಕ್ತಿದ್ದಳು. ಸದ್ದಿಲ್ಲದ ಹಾಗೆ, ಮೆತ್ತಗೆ. ಅಷ್ಟೇ. ನಾನು ಊರು ಬಿಡೋವರೆಗೂ."

ಸಮಾಧಾನದ ಒಂದು ಮಾತು ಅತ್ತೆಯ ಬಾಯಿಂದ ಬರಲಿ ಎಂದು ನಾನು ಕಾದೆ, ಬರಲಿಲ್ಲ. ಸಿನಿಮಾ ಮುಗಿಯುವ ಮುಂಚೆಯೇ "ಹೋಗುವ" ಎಂದು ಎದ್ದರು. ಮೇಡಂ ಬಾಗಿಲವರೆಗೆ ಬಂದು ನಿಂತರು. ಇಬ್ಬರೂ ಕೈ ಮುಗಿಯಲಿಲ್ಲ, ಕೈ ಕುಲುಕಲಿಲ್ಲ.

ಕಾರಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮನೆಯ ತಿರುವು ಬರುವ ಹೊತ್ತಿಗೆ ತಾವಾಗಿಯೇ ಹೇಳಿದರು: "ನಾನಾದ್ರೂ ಬಾಗಿಲು ಹಾಕ್ತಿದ್ದೆ."

ನನಗೆ ಸಿಟ್ಟು ಬಂತು. "ಅವರು ಆಗ ಹನ್ನೆರಡು ವರ್ಷದ ಹುಡುಗಿ ಅತ್ತೆ."

"ಗೊತ್ತುಂಟು ಮಾರಾಯ್ತಿ. ಬಾಗಿಲು ಹಾಕ್ತಿದ್ದೆ." ಕಿಟಕಿಯಿಂದ ಮುಖ ತಿರುಗಿಸಿ, "ಹಾಕಿ, ಹೊರಗೆ ನಿಂತು ಕೇಳ್ತಿದ್ದೆ" ಎಂದರು. "ಆ ಹುಡುಗಿ ಊದುವುದು ಕೇಳಿಯೇ ಅಲ್ವಾ ಅವ ಹೋದದ್ದು. ಮತ್ತೆ ಅವನದ್ದು ಅಂತ ಎಂತ ಉಂಟು ಮನೆಯಲ್ಲಿ, ಕೇಳಲಿಕ್ಕೆ?"

ಮರು ಶನಿವಾರ ಅತ್ತೆ ಬರಲಿಲ್ಲ. ಮೊಣಕಾಲು ನೋವು ಎಂದರು. 'ಕೊಡು' ಎಂದು ಒಂದು ಡಬ್ಬಿ ಕೋಡುಬಳೆ ಕೈಗಿಟ್ಟರು. ನಾನು ಮೇಡಂ ಎದುರು ಕೂತು, ಅತ್ತೆ ಕಾರಿನಲ್ಲಿ ಹೇಳಿದ್ದನ್ನು ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಅವರಿಗೆ ಮೊದಲ ಸಲ ತಿಳಿಯಲಿಲ್ಲ, ಅಥವಾ ತಿಳಿದರೂ ಮತ್ತೆ ಹೇಳಿಸಿದರು. ಆಮೇಲೆ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ನಾನು ಅವರ ಜೊತೆ ಮಾತಾಡಿದ್ದು ಅದೇ ಕಡೆ ಸಲ. ಮುಂದಿನ ವಾರ ಆಸ್ಪತ್ರೆ, ಅದರ ಮುಂದಿನ ವಾರ ಅವರೇ ಇಲ್ಲ. ಬ್ಯಾಂಡು ನಿಂತಿತ್ತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಆಸ್ಪತ್ರೆಯ ಹೊದಿಕೆಯ ಮೇಲೂ ಬೆರಳುಗಳು ಒತ್ತುತ್ತಿದ್ದವು ಎಂದು ನರ್ಸ್ ಹೇಳಿದಳು.

ಆದರೆ ಆ ಶನಿವಾರ ಕಿಟಕಿಯ ಬಳಿ ನಿಂತವರು ನನ್ನ ಕಡೆ ತಿರುಗದೆಯೇ ಹೇಳಿದ್ದನ್ನು ನಾನು ಮರೆತಿಲ್ಲ.

"ನಮ್ಮ ಮನೆ ನೆಲ ಹಲಗೆಯದ್ದು. ಯಾರು ನಡೆದರೂ ಕಿರ್ ಅಂತಿತ್ತು. ಅಮ್ಮ ಬಂದದ್ದು ಕೇಳಿಸ್ತಿತ್ತು, ಬಾಗಿಲು ಹಾಕಿದ್ದು ಗೊತ್ತಾಗ್ತಿತ್ತು. ಅವಳು ತಿರುಗಿ ಹೋದದ್ದು ನಾನು ಕೇಳಿದ ನೆನಪೇ ಇಲ್ಲ."

ಆಮೇಲೆ, ಬಹಳ ಮೆತ್ತಗೆ, ಅವರ ದನಿ ಅಷ್ಟು ತಗ್ಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ:

"ನಾನು ಊದ್ತಾ ಇದ್ದೆನಲ್ಲ. ಹೋಗಿದ್ದರೂ ಕೇಳಿಸ್ತಿರಲಿಲ್ಲ, ಅಲ್ಲವಾ?"